ಸೆಟ್ ಒಡೆಯಬಾರದಂತೆ

ಇಂಗ್ಲಿಷಿನಲ್ಲಿ ಸೆಟ್ ಅನ್ನುವ ಪುಟಾಣಿ ಪದಕ್ಕೆ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥ ಇದೆಯಂತೆ. ಎಲ್ಲೋ ಓದಿದೆ, ಓದಿ ನಗು ಬಂತು. ನಮ್ಮ ಮನೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಅರ್ಥ, ಅಣ್ಣನಿಗೆ ಆ ಹೊತ್ತಿಗೆ ಯಾವುದು ಬೇಕೋ ಅದು.

ಗೋಣಿಬೀಡಿನ ಕಡೆ ಈ ಪದ ಗೊತ್ತಿಲ್ಲದ ಮುದುಕಿಯೂ ಇಲ್ಲ ಬಿಡಿ. ಹೋಟೆಲಿಗೆ ಹೋದರೆ ಸೆಟ್ ದೋಸೆ. ಹೆಪ್ಪು ಹಾಕಿದ ಮೊಸರು ಸೆಟ್ ಆಗಬೇಕು, ಕಣದ ಸಿಮೆಂಟು ಸೆಟ್ ಆಗಬೇಕು. ಬಸ್‌ಸ್ಟ್ಯಾಂಡಿನಲ್ಲಿ ಯಾವ ಹುಡುಗ ಯಾವ ಹುಡುಗಿಯ ಜೊತೆ ಸೆಟ್ ಆಗಿದ್ದಾನೆ ಅನ್ನೋದು ಅವರಿಬ್ಬರಿಗಿಂತ ಮೊದಲು ಕಂಡಕ್ಟರಿಗೆ ಗೊತ್ತಿರುತ್ತೆ. ಆಫೀಸಿನಲ್ಲಿ ಕೆಲಸ ಆಗಬೇಕಾದರೆ ಯಾರನ್ನೋ ಸೆಟ್ ಮಾಡಬೇಕು. ತೋಟಕ್ಕೆ ನೀರು ಹೊಡೆಯುವ ಇಂಜಿನ್, ಪೈಪು, ಸುತ್ತಿ ಚಿಮ್ಮಿಸುವ ಜೆಟ್ಟು ಎಲ್ಲ ಸೇರಿ ಒಂದು ಸೆಟ್. ಇದೆಲ್ಲಕ್ಕಿಂತ ದೊಡ್ಡದು ಕಾಫಿ ಸೆಟ್ ಆಗೋದು. ಹೂವು ಉದುರಿದ ಮೇಲೆ ಗೊಂಚಲಿನಲ್ಲಿ ಕಾಯಿ ಕಚ್ಚಿದರೆ ಸೆಟ್ ಆಯ್ತು ಅಂತ ಲೆಕ್ಕ. ಮಾರ್ಚ್ ಕಳೆದ ಮೇಲೆ ಇಬ್ಬರು ಬೆಳೆಗಾರರು ಎದುರಾದರೆ ಹೆಂಡತಿ ಮಕ್ಕಳ ಸುದ್ದಿಗೆ ಮೊದಲು ಕೇಳೋದೇ ಅದನ್ನ.

ನನ್ನ ಬದುಕಿಗೆ ಈ ಪದ ಕಾಲಿಟ್ಟಿದ್ದು ನನಗೆ ಗಂಡು ಹುಡುಕುವಾಗ. ಒಂದು ಸಂಜೆ ಅಣ್ಣ ಹೊರಗಿನಿಂದ ಬಂದವನು ಚಪ್ಪಲಿ ಬಿಡುತ್ತಲೇ, ಕಳಸದ ಕಡೆ ಒಂದು ಹುಡುಗ ಸೆಟ್ ಆಗಿದ್ದಾನೆ ಅಂದ. ನನಗೆ ಸೆಟ್ ಆಗುತ್ತಾ ಅಂತ ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಮದುವೆಯಾಗಿ ಹೋದ ಮೊದಲ ವರ್ಷ ಫೋನಿನಲ್ಲಿ ಅತ್ತಾಗ ಅಮ್ಮ ಅದನ್ನೇ ಹೇಳಿದಳು, ಅಪ್ಪ ಅದನ್ನೇ ಹೇಳಿದರು, ಸ್ವಲ್ಪ ದಿನ ಹೋಗಲಿ, ಸೆಟ್ ಆಗ್ತೀಯ ಅಂತ. ಆಮೇಲೆ ಒಂದು ದಿನ ನನ್ನ ಗಂಡ ಅನ್ನಿಸಿಕೊಂಡವನು ಅಡುಗೆಮನೆಯ ಮೆಟ್ಟಿಲಿನಿಂದ ನನ್ನನ್ನು ನೂಕಿದ. ಬಲಗೈ ಮಣಿಕಟ್ಟು ಮುರಿಯಿತು. ಡಾಕ್ಟರು ಮೂಳೆ ಸೆಟ್ ಆಗಿದೆ ಅಂತ ಹೇಳಿ ಕಳಿಸಿದರು. ಅದು ಎಂಥ ಸೆಟ್ ಆಯಿತೋ ಏನೋ, ಇವತ್ತಿಗೂ ಆ ಕೈಯಲ್ಲಿ ಒಂದು ಬಾಟಲಿಯ ಮುಚ್ಚಳ ತಿರುಗಿಸೋಕೆ ಆಗೋದಿಲ್ಲ.

ಆ ಕೈ ಕಟ್ಟಿಕೊಂಡೇ ಬಸ್ಸು ಹತ್ತಿ ಬಂದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಾಕೆ ಬಂದೆ ಅಂತ ಊರಿಗೆ ಹೇಳಬೇಕಲ್ಲ. ಅಣ್ಣನೇ ಒಂದು ಮಾತು ಕಟ್ಟಿದ, ಅವಳಿಗೆ ಅಲ್ಲಿ ಸೆಟ್ ಆಗಲಿಲ್ಲ ಅಂತ. ಅಳತೆ ತಪ್ಪಿದ ರವಿಕೆಯೊಂದನ್ನು ಅಂಗಡಿಗೆ ವಾಪಸು ತಂದ ಹಾಗೆ. ನೂಕಿದವನ ಹೆಸರು ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆದರೆ ಅಮ್ಮ ಸುಮ್ಮನಿರು ಅಂತ ಕಣ್ಣಿನಲ್ಲೇ ಕೇಳಿಕೊಂಡಳು, ಸುಮ್ಮನಾದೆ.

ಅಮ್ಮ, ಆಮೇಲೆ ಅಪ್ಪ, ಇಬ್ಬರೂ ಹೋದ ಮೇಲೆ ಪಾಲಿನ ಮಾತು ಬಂತು. ಅಪ್ಪನ ವರ್ಷದ ಕಾರ್ಯ ಮುಗಿದ ಮಾರನೆ ದಿನ. ಹಿರಿಯರು ಅಂತ ಕೂತಿದ್ದು ನಮ್ಮ ಸೋದರಮಾವ. ಅಮ್ಮನ ತಮ್ಮ ಅವರು, ಒಳ್ಳೆಯವರೇ, ಒಂದೇ ತಾಪತ್ರಯ ಅಂದರೆ ಯಾರ ಮನೆಯಲ್ಲಿ ಉಂಡಿರುತ್ತಾರೋ ಅವರ ಮಾತು ಅವರಿಗೆ ಸರಿ ಕಾಣುತ್ತೆ. ಅವತ್ತು ಉಂಡಿದ್ದು ಅಣ್ಣನ ಮನೆಯಲ್ಲಿ.

ಮೊದಲು ಅಮ್ಮನ ಕೆಂಪಿನ ಸೆಟ್ ಹೊರಗೆ ಬಂತು. ನೆಕ್ಲೆಸು, ಓಲೆ, ಎರಡು ಬಳೆ, ಎಲ್ಲಕ್ಕೂ ಒಂದೇ ಥರದ ಕೆಂಪು ಕಲ್ಲು. ಅಮ್ಮ ಬದುಕಿರುವಾಗ ಓಲೆ ನಿನಗೆ ಅಂತ ನನಗೆ ಹೇಳಿದ್ದಳು. ನಾನು ಅದನ್ನು ಬಾಯಿ ಬಿಟ್ಟು ಹೇಳಿದೆ. ಮಾವ ಡಬ್ಬಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಸೆಟ್ ಒಡೆಯಬಾರದು, ಒಡೆದರೆ ಚೆಂದವೂ ಹೋಯಿತು, ಬೆಲೆಯೂ ಹೋಯಿತು ಅಂದರು. ಡಬ್ಬಿ ಅತ್ತಿಗೆಯ ಮಡಿಲಿಗೆ ಹೋಯಿತು. ಅತ್ತಿಗೆ ಪಾಪ, ಯಾವಾಗ ಬೇಕಾದರೂ ಹಾಕ್ಕೊಳ್ಳಿ ಅಂದರು ನನಗೆ. ಗಂಡನ ಮನೆ ಬಿಟ್ಟು ಬಂದವಳು ಕೆಂಪಿನ ಸೆಟ್ ಹಾಕಿಕೊಂಡು ಯಾವ ಮದುವೆಗೆ ಹೋಗಲಿ ಅಂತ ಕೇಳಬೇಕು ಅನ್ನಿಸಿತು.

ಆಮೇಲೆ ನೀರಿನ ಸೆಟ್. ನಮ್ಮ ಕಡೆ ಪಾಲಾಗುವಾಗ ಜಮೀನು ಒಡೆದರೂ ಕೆಲವನ್ನು ಒಡೆಯೋದಿಲ್ಲ, ಒಟ್ಟಿಗೆ ಅಂತ ಇಡುತ್ತಾರೆ. ಕಣ ಒಟ್ಟಿಗೆ, ಕೆರೆ ಒಟ್ಟಿಗೆ, ಇಂಜಿನ್ನು ಪೈಪು ಒಟ್ಟಿಗೆ. ಸರದಿಯ ಮೇಲೆ ಇಬ್ಬರೂ ಬಳಸಿಕೊಳ್ಳಬೇಕು. ಇಟ್ಟುಕೊಳ್ಳೋದು ಮಾತ್ರ ಒಬ್ಬರ ಶೆಡ್ಡಿನಲ್ಲಿ. ಯಾರ ಶೆಡ್ಡು ಅಂತ ಹೇಳಬೇಕಾಗಿಲ್ಲ. ಸೆಟ್ ಒಡೆಯಬಾರದು ಅಂತ ಮಾವ ಎರಡನೇ ಸಲ ಹೇಳಿದರು. ಈ ಒಡೆಯದ ಸೆಟ್‌ಗಳೆಲ್ಲ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತವಲ್ಲ ಮಾವ ಅಂತ ನಾನು ಅಂದಿದ್ದಕ್ಕೆ, ಹೆಣ್ಣುಮಕ್ಕಳು ಅಷ್ಟು ಮೊನಚಾಗಿ ಮಾತಾಡಬಾರದು ಅಂದರು.

ಜಮೀನಿನಲ್ಲಿ ನನಗೆ ಬಂದಿದ್ದು ಕೆರೆಯ ಮೇಲಿನ ಗುಡ್ಡೆ. ಆಗ ಅಲ್ಲಿ ಇದ್ದದ್ದು ಸಿಲ್ವರ್ ಮರ, ಲಂಟಾನದ ಪೊದೆ, ಕಲ್ಲು. ಅದೂ ಬರೆದು ಕೊಟ್ಟಿದ್ದಲ್ಲ. ನೀನು ತೋಟ ಮಾಡಿಕೊಂಡು ಇರುವಷ್ಟು ದಿನ ನಿನ್ನದು, ಹಾಳು ಬಿಟ್ಟರೆ ಅಣ್ಣನಿಗೆ ಅಂತ ಮಾವನ ತೀರ್ಮಾನ. ಕಾನೂನಿನಲ್ಲಿ ನನಗೆ ಸರಿ ಅರ್ಧ ಬರುತ್ತೆ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೋರ್ಟಿಗೆ ಹೋಗು ಅಂತ ಬುದ್ಧಿ ಹೇಳುವವರಿಗೆ ನಾನು ಒಂದೇ ಕೇಳೋದು, ನಾಳೆ ಜ್ವರ ಬಂದು ಮಲಗಿದರೆ ಗಂಜಿ ಕೊಡೋಕೆ ನಿಮ್ಮ ಕೋರ್ಟು ಬರುತ್ತಾ? ಮನೆ ಅಣ್ಣನದು, ನಾನಿರುವ ಹಿಂದಿನ ಕೋಣೆ ಅಣ್ಣನದು. ಆ ಗುಡ್ಡೆ ಒಂದೇ ನನ್ನದು ಅಂತ ಹೇಳಿಕೊಳ್ಳಬಹುದಾದ ಜಾಗ. ಒಪ್ಪಿಕೊಂಡೆ.

ಲಂಟಾನ ಕಡಿಸಿ ರೊಬಸ್ಟಾ ಕಾಫಿ ಹಾಕಿದೆ. ಹಾಕಿದೆ ಅಂದರೆ ಆಳಿನ ಕೈಲಿ ಹಾಕಿಸಿದೆ ಅಂತಲ್ಲ. ಹಳೆಯ ಕೆಲಸದವಳೊಬ್ಬಳು ಗುಂಡಿ ತೋಡಿದಳು, ಗಿಡ ಇಟ್ಟಿದ್ದು ನಾನೇ. ಮೊದಲ ಬೇಸಿಗೆಗಳಲ್ಲಿ ಕೆರೆಯಿಂದ ಎಡಗೈಯಲ್ಲಿ ಕೊಡ ಹೊತ್ತು ಬುಡಬುಡಕ್ಕೂ ನೀರು ಹಾಕಿದ್ದೀನಿ. ಗಿಡ ಸೊಂಟ ಮುಟ್ಟಿತು, ಎದೆ ಮುಟ್ಟಿತು. ಅಷ್ಟರಲ್ಲಿ ಅಣ್ಣ ಬೇಲಿಯ ಆಚೆ ಹೋಮ್‌ಸ್ಟೇ ಕಟ್ಟಿದ. ಅವನ ಕಾಟೇಜಿನ ಜಗಲಿಯಲ್ಲಿ ಕೂತರೆ ಎದುರಿಗೆ ಕಾಣೋದು ನನ್ನ ಗುಡ್ಡೆ. ನನಗೆ ಅದರಲ್ಲಿ ಏನೂ ಬೇಜಾರಿರಲಿಲ್ಲ, ನೋಡಿಕೊಳ್ಳಲಿ, ಕಣ್ಣಿಗೇನು ಬೇಲಿ ಹಾಕೋಕಾಗುತ್ತಾ ಅಂದುಕೊಂಡಿದ್ದೆ.

ಕಾಫಿಯ ನೀರಿನ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಫೆಬ್ರವರಿ ಹೊತ್ತಿಗೆ ರೊಬಸ್ಟಾ ಗಿಡದ ತುಂಬ ಮೊಗ್ಗು ಕಟ್ಟಿ ಬಾಯಾರಿ ನಿಂತಿರುತ್ತೆ. ಆಗ ಒಂದು ಗಟ್ಟಿ ನೀರು ಕೊಟ್ಟರೆ ಎಂಟು ಒಂಬತ್ತು ದಿನಕ್ಕೆ ಗುಡ್ಡವೆಲ್ಲ ಒಂದೇ ಸಲ ಬೆಳ್ಳಗೆ ಹೂವಾಗುತ್ತೆ. ಮಳೆಯ ಹೂವಿಗೆ ದಿನ ಹೇಳೋಕಾಗಲ್ಲ, ಸೆಟ್‌ನ ಹೂವಿಗೆ ಹೇಳಬಹುದು. ಆದರೆ ಹೂವಾದರೆ ಕೆಲಸ ಮುಗಿಯಲಿಲ್ಲ. ಮೂರು ವಾರದೊಳಗೆ ಎರಡನೇ ನೀರು ಬೀಳಬೇಕು, ಬ್ಯಾಕಿಂಗ್ ಅಂತೀವಿ ಅದಕ್ಕೆ. ಆಕಾಶ ಕೊಟ್ಟರೆ ಆಕಾಶದ್ದು, ಇಲ್ಲದಿದ್ದರೆ ಸೆಟ್ಟಿನದ್ದು. ಎರಡೂ ಇಲ್ಲದಿದ್ದರೆ ಕಚ್ಚಿದ ಕಾಯಿ ಕರಿಕಟ್ಟಿ ಉದುರಿ ಹೋಗುತ್ತೆ. ಬ್ಯಾಕಿಂಗ್ ಕೊಡೋಕಾಗದವನು ಮೊದಲ ನೀರು ಕೊಡಲೇಬಾರದು ಅಂತ ಅಪ್ಪ ಹೇಳುತ್ತಿದ್ದರು, ಒಣಗಿದ ಮೊಗ್ಗು ಮಳೆಯನ್ನಾದರೂ ಕಾಯುತ್ತೆ, ಬಿರಿದ ಹೂವು ಯಾರನ್ನೂ ಕಾಯಲ್ಲ ಅನ್ನೋರು.

ಹೋದ ವರ್ಷ ನನ್ನ ಗಿಡಗಳು ಮೊದಲನೇ ಸಲ ಮೈತುಂಬ ಮೊಗ್ಗು ಬಿಟ್ಟವು. ಸರದಿಯ ಪ್ರಕಾರ ಮೊದಲ ನೀರು ಯಾವತ್ತೂ ಅಣ್ಣನ ಕೆಳಗಿನ ತೋಟಕ್ಕೆ, ಆಮೇಲೆ ನನಗೆ. ನನ್ನ ಸರದಿ ಬರುವ ಹೊತ್ತಿಗೆ ಇಂಜಿನ್ ಕೆಡೋದೋ, ಕೆರೆ ಇಳಿಯೋದೋ ಇದ್ದದ್ದೇ. ಸಣ್ಣ ಗಿಡ ತಾನೇ, ಒಂದೆರಡು ವರ್ಷ ಮಳೆಯ ಮೇಲೇ ಬಿಟ್ಟಿದ್ದೆ. ಈ ಸಲ ಬಿಡುವ ಹಾಗಿರಲಿಲ್ಲ. ಒಂದು ಫಸಲು ತೆಗೆದು ತೋರಿಸಿದರೆ ಗುಡ್ಡೆಯ ಮಾತು ಮತ್ತೆ ಯಾರೂ ಎತ್ತೋದಿಲ್ಲ ಅಂತ ನನ್ನ ಲೆಕ್ಕ. ಕೇಳೋದು ಹೇಗೆ ಅಂತ ಎರಡು ದಿನ ಬಾಯಿಪಾಠ ಮಾಡಿಕೊಂಡೆ ಮಾರಾಯ್ರೇ, ಒಡಹುಟ್ಟಿದ ಅಣ್ಣನ ಹತ್ತಿರ.

ಕೇಳುವ ಮೊದಲೇ ಅವನು ಬಂದ. ಬೆಳಿಗ್ಗೆ ನಾನು ಬಚ್ಚಲೊಲೆಗೆ ಕಟ್ಟಿಗೆ ಹಾಕುತ್ತಿದ್ದೆ. ಬಾಗಿಲಲ್ಲಿ ನಿಂತುಕೊಂಡು, ಈ ಸಲ ಮೊದಲು ನಿನ್ನ ಗುಡ್ಡೆಗೇ ಹೊಡೆಸ್ತೀನಿ, ನಾಳೆಯೇ ಸೆಟ್ ಹಾಕಿಸ್ತೀನಿ ಅಂದ. ನಾನು ನಂಬಲಿಲ್ಲ. ಮತ್ತೆ ನಿನ್ನ ತೋಟ ಅಂತ ಕೇಳಿದೆ. ಅದು ಆಮೇಲೆ ಆಗುತ್ತೆ ಮಾರಾಯ್ತಿ, ನಿನ್ನ ಗಿಡ ಮೊದಲು ಅಂದ. ಅವನು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ಹೊಗೆಗೆ ಕಣ್ಣೀರು ಬಂತು ಅಂತ ಹೇಳಿದರೆ ಸುಳ್ಳಾಗುತ್ತೆ. ಮನೆಗೆ ಬಂದು ಇಷ್ಟು ವರ್ಷದಲ್ಲಿ ಅವನು ನನಗೆ ಮೊದಲು ಅಂತ ಹೇಳಿದ್ದು ಅದೇ ಮೊದಲು.

ಎರಡು ದಿನ ನೀರು ಬಿತ್ತು. ಪೈಪು ಒಂದೊಂದೇ ಬಿಚ್ಚಿ ಮುಂದಿನ ಸಾಲಿಗೆ ಹೊತ್ತು ಮತ್ತೆ ಕೂಡಿಸಬೇಕು, ಕೆಸರಿನಲ್ಲಿ. ನನ್ನ ಕೈಗೆ ಆಗಲಿಲ್ಲ, ಆದರೂ ಬಿಡಲಿಲ್ಲ. ಕೆಲಸದವಳು ಬೈದಳು, ನೀವು ಮನೆಗೆ ಹೋಗಿ ಅಕ್ಕ, ಜ್ವರ ಬರಿಸ್ಕೊಳ್ತೀರ ಅಂತ. ಎಲ್ಲಿಗೆ ಹೋಗಲಿ? ಜೆಟ್ಟು ಟಕ ಟಕ ಅಂತ ಸುತ್ತುತ್ತಿದ್ದರೆ ನನಗೆ ಒಳ್ಳೆ ಸಣ್ಣ ಹುಡುಗಿಯ ಹಾಗೆ ಖುಷಿ. ಆ ಸಂಜೆ ಕಡುಬು ಮಾಡಿ, ಅಣ್ಣನಿಗೆ ಇಷ್ಟ ಅಂತ ಕಾಯಿ ಚಟ್ನಿ ಅರೆದು ಮನೆಯ ಮುಂಭಾಗಕ್ಕೆ ಹೋಗಿ ಅತ್ತಿಗೆಯ ಕೈಗೆ ಕೊಟ್ಟು ಬಂದೆ. ಅತ್ತಿಗೆ ಯಾಕೋ ನನ್ನ ಮುಖ ನೋಡಲಿಲ್ಲ. ಆಗ ನನಗೆ ಅದು ತಲೆಗೆ ಹೋಗಲಿಲ್ಲ.

ಹೂವು ಬಿರಿದಿದ್ದು ಶನಿವಾರ. ಕಿಟಕಿ ತೆಗೆದರೆ ಕೋಣೆಯ ತುಂಬ ವಾಸನೆ. ಎಂಥಾ ಹೂವು ಅಂತೀರಿ, ಎಲೆಯೇ ಕಾಣದ ಹಾಗೆ, ಗುಡ್ಡೆಯ ಮೇಲೆ ಯಾರೋ ಅಕ್ಕಿ ಸುರಿದ ಹಾಗೆ. ಹೂವಿನ ದಿನ ನಮ್ಮಲ್ಲಿ ಯಾರೂ ತೋಟದೊಳಗೆ ಇಳಿಯೋದಿಲ್ಲ. ಕೆಲಸ ಇರೋದಿಲ್ಲ, ಕತ್ತಿ ಒಳಗೆ ಹೋಗೋದಿಲ್ಲ, ದನ ಬಿಡೋದಿಲ್ಲ. ಗೆಲ್ಲು ಅಲುಗಿಸಬಾರದು, ಜೇನಿಗೆ ಬಿಡಬೇಕು, ಗಾಳಿಗೆ ಬಿಡಬೇಕು. ಯಜಮಾನನೂ ಗೇಟಿನ ಹತ್ತಿರ ನಿಂತು ನೋಡಿ ಕೈಮುಗಿದು ವಾಪಸು ಬರುತ್ತಾನೆ. ನಾನೂ ಹಾಗೇ ಅಂದುಕೊಂಡು ಕಾಫಿ ಕುಡಿದು ಬೇಲಿಯ ತನಕ ನಡೆದೆ.

ತೋಟದೊಳಗೆ ಜನ ಇದ್ದರು. ಕ್ಯಾಮೆರಾದವರು, ಬಿಳಿ ಛತ್ರಿ ಹಿಡಿದವರು, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳೋಕೆ ಬಂದಿರುವ ಒಂದು ಜೋಡಿ. ಹುಡುಗಿಯ ಉದ್ದದ ಲಂಗದ ಅಂಚು ಮೂರು ಗಿಡಗಳ ಮೇಲೆ ಹಾಸಿ ಬಿದ್ದಿತ್ತು. ಹುಡುಗ ಒಂದು ಗೆಲ್ಲು ಹಿಡಿದು ಅಲುಗಿಸಿದರೆ ಅವಳ ತಲೆಯ ಮೇಲೆ ಹೂವು ಉದುರುತ್ತೆ, ಅದನ್ನು ನಿಧಾನಕ್ಕೆ ತೆಗೀತಾರಂತೆ. ಸರಿಯಾಗಿ ಉದುರಲಿಲ್ಲ ಅಂತ ಇನ್ನೊಂದು ಗಿಡ, ಅಲ್ಲೂ ಆಗಲಿಲ್ಲ ಅಂತ ಮತ್ತೊಂದು. ಒಂದು ಕಡೆ ಮರದ ಉಯ್ಯಾಲೆ ನೇತು ಹಾಕಿದ್ದರು, ಅದಕ್ಕೆ ಜಾಗ ಬೇಕು ಅಂತ ನಾಲ್ಕು ಗಿಡದ ಗೆಲ್ಲು ಕಡಿದು ಬದಿಗೆ ಹಾಕಿದ್ದರು, ಹೂವಿನ ಸಮೇತ. 

ಕ್ಯಾಮೆರಾದವನು ನನ್ನನ್ನು ಕೆಲಸದವಳು ಅಂದುಕೊಂಡಿರಬೇಕು, ಸ್ವಲ್ಪ ಆ ಕಡೆ ನಿಲ್ಲಮ್ಮ, ಫ್ರೇಮಿಗೆ ಬರ್ತೀಯ ಅಂದ. ಅಣ್ಣ ಅಲ್ಲೇ ಇದ್ದ, ಹೊಸ ಅಂಗಿ ಹಾಕಿಕೊಂಡು. ಅವನಿಗೆ ಕ್ಯಾಮೆರಾದವನು, ಇಷ್ಟೊಳ್ಳೆ ಸೆಟ್ ನಮಗೆ ಎಲ್ಲೂ ಸಿಕ್ಕಿರಲಿಲ್ಲ ಸರ್, ನೀವು ಹೇಳಿದ ದಿನಕ್ಕೆ ಸರಿಯಾಗಿ ಹೂವು ತಂದುಬಿಟ್ರಲ್ಲ ಅಂತ ಹೊಗಳಿದ. ಅಣ್ಣ ನಕ್ಕ. ನಕ್ಕವನು ನನ್ನನ್ನು ನೋಡಿ ಬೇರೆ ಕಡೆ ತಿರುಗಿದ.

ಅಷ್ಟು ಸಾಕಾಯಿತು ನನಗೆ. ನೀರು ಕೊಟ್ಟಿದ್ದು ಯಾವತ್ತು, ಶನಿವಾರ ಬಂದಿದ್ದು ಯಾವತ್ತು, ಎಲ್ಲ ತಲೆಯಲ್ಲಿ ಸಾಲಾಗಿ ನಿಂತಿತು. ಈ ಜೋಡಿ ದಿನ ಗೊತ್ತು ಮಾಡಿಕೊಂಡ ಮೇಲೆ ಅವನು ನನ್ನ ಬಚ್ಚಲ ಬಾಗಿಲಿಗೆ ಬಂದಿದ್ದು. ಅವನ ಕಾಟೇಜಿನ ಎದುರಿಗೆ ಇರೋದು ನನ್ನ ಗುಡ್ಡೆ, ಆದ್ದರಿಂದ ನನಗೆ ಮೊದಲು. ನಾನು ಅದಕ್ಕೆ ಅತ್ತಿದ್ದೆ, ಕಡುಬು ಬೇರೆ ಮಾಡಿದ್ದೆ. ಆ ಕಡುಬು ನೆನಪಾಗಿ ಆದ ನಾಚಿಕೆ ಇದೆಯಲ್ಲ, ಗೆಲ್ಲು ಕಡಿದ ಸಂಕಟಕ್ಕಿಂತ ಅದೇ ಹೆಚ್ಚಾಗಿತ್ತು.

ಆ ಹೊತ್ತಿನಲ್ಲಿ ನಾನು ಕೂಗಾಡಲಿಲ್ಲ. ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ ಅಣ್ಣನನ್ನು ಕೆರೆ ಏರಿಯ ಮೇಲೆ ಹಿಡಿದೆ. ಹೂವಿನ ದಿನ ತೋಟಕ್ಕೆ ಜನ ಬಿಟ್ಟೆಯಲ್ಲ, ಅಪ್ಪ ಇದ್ದಿದ್ದರೆ ಬಿಡ್ತಿದ್ದರಾ ಅಂದೆ. ಅವನು, ಒಂದು ನಾಲ್ಕು ಗಿಡಕ್ಕೆ ಯಾಕೆ ಅಷ್ಟು ಮುಖ ಊದಿಸ್ಕೊಳ್ತೀಯ, ಅವರೇನು ತೋಟ ಹೊತ್ಕೊಂಡು ಹೋಗ್ತಾರಾ ಅಂದ. ಆಗಲಿ, ಆಗಿದ್ದು ಆಯಿತು, ಬ್ಯಾಕಿಂಗ್ ಯಾವತ್ತು ಕೊಡ್ತೀಯ ಹೇಳು ಅಂದೆ. ಕೊಡೋಣ, ಸೆಟ್ ಮಾಡ್ತೀನಿ ಅಂದ. ಅವನ ಬಾಯಲ್ಲಿ ಸೆಟ್ ಮಾಡ್ತೀನಿ ಅಂದರೆ ಮಾಡೋದಿಲ್ಲ ಅಂತ ಅರ್ಥ, ಅದನ್ನು ಯಾವ ನಿಘಂಟಿನವರೂ ಬರೆದಿರಲಿಕ್ಕಿಲ್ಲ.

ಸೆಟ್ ಮೊದಲು ಅವನ ಕೆಳಗಿನ ತೋಟಕ್ಕೆ ಹೋಯಿತು. ಹೋಗಲಿ, ನ್ಯಾಯವೇ. ಅಲ್ಲಿ ಮುಗಿದ ಮೇಲೆ ನನಗೆ ಅಂದುಕೊಂಡು ಕಾದೆ. ಒಂದು ಬೆಳಿಗ್ಗೆ ನೋಡುತ್ತೀನಿ, ಪೈಪೆಲ್ಲ ಪಿಕಪ್ಪಿಗೆ ತುಂಬಿಸುತ್ತಿದ್ದಾರೆ. ಜಾವಳಿಗಂತೆ, ಅತ್ತಿಗೆಯ ತವರಿಗೆ. ಅವರ ಇಂಜಿನ್ ಕೆಟ್ಟಿದೆ, ನಾಲ್ಕು ದಿನದ ಮಾತು ಅಂತ ಅಣ್ಣ ಹೇಳಿದ. ಒಟ್ಟಿಗೆ ಅಂತ ಇಟ್ಟಿರುವುದನ್ನು ನನ್ನನ್ನು ಕೇಳದೆ ಕಳಿಸ್ತೀಯಾ ಅಂದೆ. ಸೆಟ್ ಏನು ಸವೆದು ಹೋಗುತ್ತಾ ಅಂದ. ನಾನು ಪಿಕಪ್ಪಿನ ಮುಂದೆ ನಿಂತುಕೊಳ್ಳಬೇಕಿತ್ತು. ಈಗ ಹಾಗನ್ನಿಸುತ್ತೆ. ಅವತ್ತು ಕೆಲಸದವರ ಎದುರಿಗೆ ರಂಪ ಯಾಕೆ ಅಂತ ಹಲ್ಲು ಕಚ್ಚಿಕೊಂಡು ಒಳಗೆ ಹೋದೆ.

ನಾಲ್ಕು ದಿನ ಹೋಯಿತು, ಮತ್ತೆ ನಾಲ್ಕು ದಿನ. ಬಾಡಿಗೆಗೆ ಕೇಳಿದರೆ ಆ ವಾರ ಎಲ್ಲರಿಗೂ ಬ್ಯಾಕಿಂಗೇ, ಯಾರ ಸೆಟ್ಟೂ ಖಾಲಿ ಇಲ್ಲ. ಮಲ್ಲಂದೂರಿನ ತನಕ ಹೇಳಿ ಕಳಿಸಿದೆ. ಮಾವನಿಗೆ ಫೋನ್ ಮಾಡಿದೆ, ಅವನಿಗೆ ಹೇಳ್ತೀನಿ ಬಿಡು, ಮನೆಯ ವಿಷಯ ಊರಿಗೆಲ್ಲ ಕೇಳಿಸಬೇಡ ಅಂದರು. ದಿನಾ ಮಧ್ಯಾಹ್ನ ಮೋಡ ಕಟ್ಟೋದು. ಮೂಡಿಗೆರೆ ಕಡೆ ಗುಡುಗಿದ ಸದ್ದು ಕೇಳೋದು, ನಮ್ಮ ಮೇಲೆ ನಾಲ್ಕು ಹನಿ ಬಿದ್ದು ಧೂಳು ಏಳೋದು, ಅಷ್ಟೇ. ಕೊನೆಗೆ ನಾನೂ ಕೆಲಸದವಳೂ ಹಳೆಯ ಹಾಗೆ ಕೊಡ ಹಿಡಿದೆವು. ಅಷ್ಟು ದೊಡ್ಡ ಗಿಡಕ್ಕೆ ಕೊಡದ ನೀರು ನಾಲಿಗೆ ಒದ್ದೆ ಮಾಡಿದ ಹಾಗೆ. ಕೆಳಗಿನ ಎರಡು ಸಾಲು ಉಳಿಯಿತು.

ಮಿಕ್ಕಿದ್ದೆಲ್ಲ ಉದುರಿತು. ಗೆಲ್ಲಿಗೆ ಕೈ ಹಚ್ಚಿದರೆ ಸಾಸಿವೆಯಷ್ಟು ಸಣ್ಣ ಕಾಯಿ, ಕರ್ರಗೆ, ಅಂಗೈಗೆ ಬರೋದು. ದಿನಾ ಬೆಳಿಗ್ಗೆ ಹೋಗಿ ನೋಡೋಳು, ದಿನಾ ಅದೇ. ಸೆಟ್ ವಾಪಸು ಬಂದಾಗ ಏಪ್ರಿಲ್ ನಡುವಿಗೆ ಬಂದಿತ್ತು. ಈಗ ಹೊಡೆಸಲಾ ಅಂತ ಅಣ್ಣ ಕೇಳಿದ. ಏನಕ್ಕೆ ಅಂತ ನಾನು ಕೇಳಿದೆ. ನನ್ನ ತೋಟದ ಫೋಟೋ ಮಾತ್ರ ಅಷ್ಟರಲ್ಲಿ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ಗೋಣಿಬೀಡಿನ ಅಂಗಡಿಯವರು ನನಗೇ ತೋರಿಸಿದರು, ನಿಮ್ಮ ಅಣ್ಣನ ತೋಟ ನೋಡಿ, ಸಿನಿಮಾ ಸೆಟ್ ಹಾಕಿದ ಹಾಗಿದೆ ಅಂತ. ಒಂದು ಕಟ್ಟು ಊದುಬತ್ತಿ ತೆಗೆದುಕೊಂಡು ಬಂದೆ.

ಜನವರಿಯಲ್ಲಿ ಕುಯ್ಲಾಯಿತು. ಕುಯ್ಲು ಅನ್ನೋಕೆ ನಾಚಿಕೆಯಾಗುತ್ತೆ, ಇಬ್ಬರು ಹೆಂಗಸರು ಒಂದು ಬೆಳಿಗ್ಗೆ ಮುಗಿಸಿದೆವು. ಕಣದ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ನನ್ನ ಹಣ್ಣು ಒಣಗುತ್ತಿರುವಾಗ ಮಾವ ಬಂದರು. ಅಣ್ಣನೇ ಕರೆಸಿದ್ದು. ಊಟ ಆಯಿತು, ಎಲೆ ಅಡಿಕೆ ಆಯಿತು. ಅಣ್ಣ ಬಲು ಮೆತ್ತಗೆ ಶುರು ಮಾಡಿದ.

“ನೀನು ಯಾಕೆ ಇಷ್ಟು ಒದ್ದಾಡ್ತೀಯ? ಗುಡ್ಡೆ ನಾನೇ ನೋಡ್ಕೊಳ್ತೀನಿ. ವರ್ಷಾ ವರ್ಷಾ ಒಂದು ನೀರು ಕೊಟ್ಟು ಹೂವು ಬರಿಸಿದ್ರೆ ಸಾಕು, ಬುಕಿಂಗ್ ತಾನಾಗಿ ಬರುತ್ತೆ. ಕಾಯಿ ಯಾಕೆ ಬೇಕು ನಿಂಗೆ? ಹೂವಾದ್ರೆ ಸಾಲ್ದಾ?”

ಕಾಯಿ ಯಾಕೆ ಬೇಕು ನಿಂಗೆ. ನನಗೆ ಮಕ್ಕಳಿಲ್ಲ. ಅವನು ಅದನ್ನು ಯೋಚಿಸಿ ಹೇಳಿದ್ದಲ್ಲ, ಅಷ್ಟು ಯೋಚನೆ ಮಾಡುವವನೂ ಅಲ್ಲ. ಅತ್ತಿಗೆ ಮಾತ್ರ ತಟ್ಟನೆ ಎದ್ದು ಒಳಗೆ ಹೋದರು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮಾವ ಕೆಮ್ಮಿ, ಫಸಲೂ ಬಂದ ಹಾಗೆ ಕಾಣಲ್ಲ, ನೋಡು ಮತ್ತೆ, ನಿನಗೂ ವಯಸ್ಸಾಯಿತು ಅಂದರು.

“ನೀವು ಪಾಲಿನ ದಿನ ಏನು ಹೇಳಿದ್ರಿ ಮಾವ? ಫಸಲು ಬರಬೇಕು ಅಂದ್ರಾ, ಹಾಳು ಬಿಡಬಾರದು ಅಂದ್ರಾ?”

ಮಾವ ಅಣ್ಣನ ಮುಖ ನೋಡಿದರು. ಸುಳ್ಳು ಹೇಳುವವರಲ್ಲ ಅವರು, ಅದೊಂದು ಗುಣ ಇದೆ. ಹಾಳು ಬಿಡಬಾರದು ಅಂದಿದ್ದೆ ಅಂದರು. ಗಿಡಕ್ಕೆ ಜೀವ ಇದ್ದು, ನಾನು ದಿನಾ ತೋಟಕ್ಕೆ ಇಳಿದು ಕೆಲಸ ಮಾಡುತ್ತಿದ್ದರೆ ಗುಡ್ಡೆ ನನ್ನದು ತಾನೇ ಅಂತ ಮತ್ತೆ ಕೇಳಿದೆ. ಹೌದಲ್ಲ, ಅದರಲ್ಲೇನು ಅಂದರು. ಅಣ್ಣನ ಎದುರಿಗೆ ಆ ಮಾತು ಎರಡನೇ ಸಲ ಹೇಳಿಸಿಕೊಂಡು ಎದ್ದು ಬಂದೆ. ಅಣ್ಣ ಮಾವನನ್ನು ಬಸ್ಸಿಗೆ ಬಿಡಲು ಹೋದ.

ವಯಸ್ಸಾದ ರೊಬಸ್ಟಾವನ್ನು ಮೊಣಕಾಲಿನ ಎತ್ತರಕ್ಕೆ ಕಡಿದು ಹೊಸ ಚಿಗುರು ಎಬ್ಬಿಸೋದು ನಮ್ಮಲ್ಲಿ ಎಲ್ಲ ತೋಟದಲ್ಲೂ ಇದೆ. ಬೊಡ್ಡೆ ಸಾಯೋದಿಲ್ಲ, ಮಳೆ ಬಿದ್ದರೆ ಸುತ್ತ ಚಿಗುರುತ್ತೆ, ಅದರಲ್ಲಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕು. ಮತ್ತೆ ಹೂವು ನೋಡೋಕೆ ಎರಡು ಮೂರು ವರ್ಷ. ಆದರೆ ಅದು ಮುದಿ ಗಿಡಕ್ಕೆ ಮಾಡುವ ಕೆಲಸ. ತುಂಬು ಪ್ರಾಯದ ಗಿಡಕ್ಕೆ, ಅದೂ ಮೊಗ್ಗು ಕಟ್ಟಿ ನಿಂತ ಗಿಡಕ್ಕೆ ಯಾರೂ ಗರಗಸ ಹಚ್ಚೋದಿಲ್ಲ. ನನ್ನ ಗುಡ್ಡೆಯನ್ನೆಲ್ಲ ಹಾಗೆ ಕಡಿಯಬೇಕು ಅಂತ ಕೆಲಸದವಳಿಗೆ ಹೇಳಿದಾಗ ಅವಳು ನನ್ನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಈ ಪಾಪಕ್ಕೆ ಬರೋದಿಲ್ಲ ಅಕ್ಕ ಅಂದಳು. ಒಂದು ಗಂಟೆ ಕಳೆದ ಮೇಲೆ ಬಂದಳು.

ಸುಲಭವಾಗಿ ಮಾಡಿದೆ ಅಂತ ಯಾರೂ ತಿಳಿಯಬೇಡಿ. ಒಂದೊಂದು ಗಿಡವನ್ನೂ ಇಟ್ಟ ದಿನ ನನಗೆ ಗೊತ್ತು. ಯಾವುದಕ್ಕೆ ಗೆದ್ದಲು ಹಿಡಿದಿತ್ತು, ಯಾವುದನ್ನು ಹಂದಿ ಕೆದಕಿದ್ದಾಗ ಮತ್ತೆ ನೆಟ್ಟಿದ್ದೆ, ಎಲ್ಲ ಗೊತ್ತು. ಮೊದಲ ಗಿಡಕ್ಕೆ ಗರಗಸ ಇಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅತ್ತುಕೊಂಡೇ ಎಳೆದೆ. ಆಮೇಲಿನವಕ್ಕೆ ಅಳಲಿಲ್ಲ, ಬೈಯುತ್ತಾ ಕಡಿದೆ, ಅಣ್ಣನನ್ನು, ಮಾವನನ್ನು, ನನ್ನ ಕೈ ಮುರಿದ ಕಳಸದವನನ್ನು, ಸತ್ತುಹೋದ ಅಪ್ಪನನ್ನೂ ಬಿಡಲಿಲ್ಲ. ಮೊಗ್ಗು ತುಂಬಿದ ಗೆಲ್ಲುಗಳನ್ನು ಬೇಲಿಯ ಬದಿಗೆ ಎಳೆದು ರಾಶಿ ಹಾಕಿದೆವು. ಅಣ್ಣ ಆ ವಾರ ಹೋಮ್‌ಸ್ಟೇಯ ಯಾವುದೋ ಕೆಲಸಕ್ಕೆ ಅಂತ ಚಿಕ್ಕಮಗಳೂರಿನಲ್ಲಿದ್ದ.

ಅವನು ಬಂದ ಮಾರನೆ ಬೆಳಿಗ್ಗೆಯೇ ಕೆಳಗಿನಿಂದ ಇಂಜಿನ್ ಎಳೆದುಕೊಂಡು ಬರುವ ಸದ್ದು ಕೇಳಿತು. ಪೈಪು ಹೊತ್ತವರು ಮುಂದೆ, ಅವನು ಹಿಂದೆ. ಈ ವರ್ಷವೂ ನನಗೇ ಮೊದಲು. ಪೈಪು ಹೊತ್ತವರು ಬೇಲಿಯ ಹತ್ತಿರ ಬಂದು ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಅವರನ್ನು ದಾಟಿ ಬಂದ. ಗುಡ್ಡೆಯ ತುಂಬ ಮೊಣಕಾಲೆತ್ತರದ ಬೊಡ್ಡೆಗಳು, ಕಡಿದ ಬಾಯಿ ಬೆಳ್ಳಗೆ. ದೂರದಿಂದ ನೋಡಿದರೆ ಹೂವಿನ ಹಾಗೇ ಕಾಣುತ್ತಿತ್ತೋ ಏನೋ, ಹತ್ತಿರ ಬರುವ ತನಕ ಅವನಿಗೆ ಗೊತ್ತಾಗಲಿಲ್ಲ.

“ಏನ್ ಮಾಡಿದೆ ಇದು? ಮುಂದಿನ ವಾರ ಶನಿವಾರ ಬರೋ ಫೋಟೋ ಪಾರ್ಟಿಯವರಿಗೆ ನಾನು ಏನು ಹೇಳ್ಲಿ?”

ಗಿಡ ಸತ್ತುಹೋಯಿತಾ ಅಂತಲೂ ಕೇಳಲಿಲ್ಲ ನೋಡಿ. ನಾನು ಮೈಲುತುತ್ತ, ಸುಣ್ಣ ಕಲಸಿದ ಬಕೆಟ್ಟು ಇಟ್ಟುಕೊಂಡು ಕಡಿದ ಬಾಯಿಗೆ ಮದ್ದು ಬಳಿಯುತ್ತಿದ್ದೆ, ನೀರು ಇಳಿದು ಕೊಳೆಯಬಾರದಲ್ಲ. ಏಳಲಿಲ್ಲ.

“ಚಿಗುರು ಬರುತ್ತೆ ಅಣ್ಣ, ತೋಟ ಹಾಳು ಬಿಟ್ಟಿಲ್ಲ. ಮಾವನ್ನ ಕರ್ಕೊಂಡು ಬಂದು ತೋರಿಸು. ಹೂವಿಗೆ ಮಾತ್ರ ಎರಡು ಮೂರು ವರ್ಷ ಆಗುತ್ತೆ. ಸೆಟ್ ತಗೊಂಡು ಹೋಗು, ನಂಗೆ ನೀರು ಬೇಡ.”

ಅವನು ಪೈಪಿನವರ ಎದುರಿಗೇ ಬೈದ. ನಿನಗೆ ತಲೆ ಕೆಟ್ಟಿದೆ ಅಂದ, ಹೊಟ್ಟೆಕಿಚ್ಚು ಅಂದ, ನಿನ್ನ ಬೆಳೆ ನೀನೇ ಹಾಳು ಮಾಡಿಕೊಂಡೆ ಅಂದ. ಕೊನೆಯದು ನಿಜ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಎತ್ತಿದವನು ಬೇರೆಯೇ ಸ್ವರದಲ್ಲಿ, ಇಲ್ಲ ಇಲ್ಲ ಸರ್, ಸ್ವಲ್ಪ ತೊಂದರೆ ಆಗಿದೆ, ಬೇರೆ ಎಲ್ಲಾದರೂ ಸೆಟ್ ಮಾಡೋಣ ಅನ್ನುತ್ತಾ ಏರಿಯ ಕಡೆ ಇಳಿದ. ಪೈಪಿನವರು ಅವನ ಹಿಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ನನ್ನ ಬಲಗೈ ಸೋತು ಬ್ರಷ್ಷು ಕೈಜಾರಿತು. ಎಡಗೈಗೆ ತೆಗೆದುಕೊಂಡು ಮುಂದಿನ ಬೊಡ್ಡೆಗೆ ಬಳಿದೆ. ಇನ್ನೂ ಅರ್ಧ ಗುಡ್ಡೆ ಉಳಿದಿತ್ತು.